ನರ್ಸ್‌ಗೆ ರಜೆ, ರೋಗಿಗೆ ಬೀಗ

ಅರವತ್ತರ ದಶಕದಲ್ಲಿ ಜಯನಗರದ ಆಚೆ ಅಂಚಿನಲ್ಲಿ ಒಂದು ಸಣ್ಣ ಮಾನಸಿಕ ಆಸ್ಪತ್ರೆ ಇತ್ತು. ಈಗ ಅಲ್ಲಿ ಮದುವೆ ಛತ್ರವಿದೆ. ಅಲ್ಲಿನ ಹೆಂಗಸರ ವಾರ್ಡಿನಲ್ಲಿ ನಾನು ನರ್ಸಾಗಿದ್ದೆ. ಅಪರಾಧದ ಆರೋಪ ಹೊತ್ತು, ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಕೋರ್ಟಿನವರು ಕಳಿಸಿದವರೂ ಅಲ್ಲಿರುತ್ತಿದ್ದರು. ಇಬ್ಬರು ನರ್ಸ್ ಇದ್ದ ದಿನ ಅವರೂ ಜಗಲಿಯಲ್ಲಿ ಓಡಾಡಿಕೊಂಡಿರಬಹುದಿತ್ತು. ಒಬ್ಬಳೇ ಇದ್ದರೆ, ಕೊಲೆ ಕೇಸಿನವಳು ಒಂಟಿ ಕೋಣೆಗೆ. ಅವಳು ರೇಗಬೇಕಾಗಿಲ್ಲ, ಕೂಗಬೇಕಾಗಿಲ್ಲ. ನನ್ನ ಜೊತೆಯವಳ ಮಗುವಿಗೆ ಜ್ವರ ಬಂದರೆ ಸಾಕು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಕೊಲೆ ಕೇಸಿನವಳು ಹುಳಿಮಾವು ಕಡೆಯ ರೈತರ ಮನೆ ಹೆಂಗಸು. ಗಂಡನನ್ನು ಕಡಿದಳೆಂದು ಆರೋಪ. ಬಂದಾಗ ಅವಳಿಗೆ ತನ್ನ ಹೆಸರೂ ನೆನಪಿರಲಿಲ್ಲ. ಆಮೇಲೆ ಪೂರ್ತಿ ಸುಧಾರಿಸಿದಳು. ಆದರೆ ಕೇಸು ನಡೆಯಬೇಕಾದರೆ ಡಾಕ್ಟರು ಬಂದು ನೋಡಿ ಹ್ಞೂಂ ಅನ್ನಬೇಕು. ಅವರು ಬಂದಾಗಲೆಲ್ಲ ಅವಳು ಬೀಗದ ಒಳಗೆ. "ಇನ್ನೂ ಕೂಡಿಹಾಕ್ತಿದ್ದೀರಾ? ಹಾಗಾದ್ರೆ ಈಗ್ಲೇ ಬೇಡ" ಎಂದು ಹೋಗಿಬಿಡುತ್ತಿದ್ದರು. ಯಾಕೆ ಕೂಡಿಹಾಕಿದಿರಿ ಎಂದು ಒಂದು ಸಲವೂ ಕೇಳಲಿಲ್ಲ.

"ಜೈಲೋ ಗಲ್ಲೋ, ಏನೋ ಒಂದು ತೀರ್ಮಾನ ಆಗ್ಲಿ ಸಿಸ್ಟರಮ್ಮ. ಕೋರ್ಟ್‌ಗೆ ಹೋದ್ರೆ ಮಗಳ ಮುಖ ಆದ್ರೂ ನೋಡ್ಬೋದು" ಅನ್ನುತ್ತಿದ್ದಳು.

ಸಂಕ್ರಾಂತಿ ಹಿಂದಿನ ದಿನ ಡಾಕ್ಟರು ಬರುವವರಿದ್ದರು. ಜೊತೆಯವಳು ರಜೆ. ಕೊಲೆ ಕೇಸಿನವಳನ್ನು ಒಳಗೆ ಹಾಕು ಎಂದು ಮೇಟ್ರನ್ ಹೇಳಿಕಳಿಸಿದರು. ನಾನು ಹಾಕಲಿಲ್ಲ. ಅಡುಗೆಮನೆಯಿಂದ ಅವರೆಕಾಯಿ ಮಂಕರಿ ತರಿಸಿ, ಎಲ್ಲರನ್ನೂ ಸುತ್ತ ಕೂರಿಸಿ ಸುಲಿಯಲು ಹಚ್ಚಿದೆ. ಎಲ್ಲರ ಕೈಯೂ ನನ್ನ ಕಣ್ಣೆದುರಿಗೆ. ಮಂಕರಿ ಖಾಲಿಯಾಗುವ ತನಕ ಒಬ್ಬ ನರ್ಸ್ ಧಾರಾಳವಾಗಿ ಸಾಕು.

ಸುದ್ದಿ ತಿಳಿದು ಮೇಟ್ರನ್ ಧುಮುಗುಟ್ಟುತ್ತ ಬಂದರು. "ಬುದ್ಧಿ ಇದೆಯಾ ನಿಂಗೆ? ಏನಾದ್ರೂ ಆದ್ರೆ ಯಾರು ಹೊಣೆ?"

"ಇನ್ನೊಬ್ಬ ನರ್ಸನ್ನ ಕಳ್ಸಿ ಮೇಡಂ. ನರ್ಸ್ ಕಮ್ಮಿ ಇರೋದು ಆಸ್ಪತ್ರೆ ಕಾಯಿಲೆ, ಇವಳದ್ದಲ್ಲ. ನಾನಂತೂ ಬೀಗ ಹಾಕಲ್ಲ" ಎಂದೆ.

ಬೀಗದ ಕೈ ಕಿತ್ತುಕೊಂಡರು. ಅವಳು ಕೈಲಿದ್ದ ಕಾಯಿಯನ್ನು ಮಂಕರಿಗೆ ಹಾಕಿ, ಎದ್ದು ಒಳಗೆ ಹೋದಳು. ಮೇಟ್ರನ್ ತಾವೇ ಬೀಗ ಹಾಕಿದರು.

ಡಾಕ್ಟರು ಬಂದು ಕೋಣೆ ಕಡೆ ನೋಡಿ, "ಮತ್ತೆ ಒಳಗಾ?" ಎಂದರು. ಮೇಟ್ರನ್ ಬಾಯಿ ತೆರೆಯುವ ಮೊದಲೇ ನಾನೆಂದೆ: "ಹೌದು ಸಾರ್. ಇವತ್ತು ನಾನೊಬ್ಬಳೇ. ಹೋದ ಸಲಾನೂ ಒಬ್ಬಳೇ ಇದ್ದೆ. ಅವಳು ಯಾರನ್ನೂ ಮುಟ್ಟಿಲ್ಲ. ಮಾತಾಡ್ಸಿ ನೋಡಿ."

ಮಾತಾಡಿಸಿದರು. ಬಹಳ ಹೊತ್ತು ಮಾತಾಡಿಸಿದರು. ಕೇಸು ನಡೆಯಬಹುದು ಎಂದರು.

ಮೇಟ್ರನ್ ನನ್ನನ್ನು ಬಾಣಂತಿ ಸನ್ನಿ ಹಿಡಿದವರ ವಾರ್ಡಿಗೆ ಎತ್ತಿಹಾಕಿದರು. ಪೊಲೀಸರು ಅವಳನ್ನು ಕರೆದೊಯ್ಯುವ ದಿನ ನೋಡಲು ಹೋದೆ. ಕೊಲೆ ಕೇಸಿಗೆ ಹೊರಟವಳು ತಲೆ ಬಾಚಿ, ಹೂ ಮುಡಿದು, ನಗುನಗುತ್ತಾ ಹೋದಳು. ತಿರುಗಿ ನೋಡಿದರೆ ಒಂಟಿ ಕೋಣೆಗೆ ಬೀಗ. ಒಳಗೆ ಹೊಸಬಳು, ಮೆತ್ತಗಿನ ಹುಡುಗಿ, ಸುಮ್ಮನೆ ಕೂತಿದ್ದಳು. ವಾರ್ಡಿನಲ್ಲಿ ನರ್ಸ್ ಒಬ್ಬಳೇ. ನನ್ನ ಜಾಗಕ್ಕೆ ಯಾರನ್ನೂ ಕೊಟ್ಟಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಟ್ರನ್ ಕೋಣೆಗೆ ನಡೆದೆ.