ಪೈಪಿಗೆ ಬ್ಲೋವರ್ ಹಿಡಿದ ಜಾಣ

ಕಳೆದ ವಾರ ನಾನು ನೀರಿನ ಪೈಪಿನ ಬಾಯಿಗೆ ಬ್ಲೋವರ್ ಇಟ್ಟು ಗಾಳಿ ಬಿಟ್ಟೆ. ನಗಬೇಡಿ. ಕೈಯಲ್ಲಿ ಹೊಸ ಮಷೀನ್ ಇದ್ದಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ.

ಮಧ್ಯಾಹ್ನ ಮೂರು ಗಂಟೆ. ಅಂದು ಕುಯ್ದ ಕಾಫಿ ಹಣ್ಣು ಮೂಟೆ ಮೂಟೆಯಾಗಿ ಪಲ್ಪರ್ ಮುಂದೆ ಕೂತಿತ್ತು. ಸಿಪ್ಪೆ ಬಿಡಿಸುವ ಆ ಮಷೀನಿಗೆ ನೀರು ಬೇಕೇ ಬೇಕು. ನಮ್ಮದು ಮೂಡಿಗೆರೆ ಹತ್ತಿರದ ದೇವರಮನೆ ಬೆಟ್ಟದ ಕಡೆಯ ತೋಟ. ಗುಡ್ಡದ ಒರತೆಯ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ.

ಅಂದು ಬರಲಿಲ್ಲ.

ಕುಯ್ದ ದಿನವೇ ಪಲ್ಪ್ ಮಾಡದಿದ್ದರೆ ಹಣ್ಣು ಮೂಟೆಯಲ್ಲೇ ಬಿಸಿಯಾಗಿ ಹುಳಿ ಬರುತ್ತದೆ. ಆಮೇಲೆ ಆ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಯಾರಿಗೆ ಬೇಕು?

ಗುಡ್ಡ ಹತ್ತಿ ನೋಡಿದರೆ ಪೈಪಿನ ತಲೆಗೆ ಎಲೆ ಕಟ್ಟಿಕೊಂಡಿತ್ತು. ತೆಗೆದು ಬಂದೆ. ಆದರೂ ನೀರಿಲ್ಲ. ಒಳಗೆ ಕಸ ಸಿಕ್ಕಿರಬೇಕು ಅಂದುಕೊಂಡು ಬ್ಲೋವರ್ ತಂದೆ. ಕಣದ ತರಗೆಲೆ ಹಾರಿಸಲು ಕೊಂಡ ಬ್ಯಾಟರಿ ಮಷೀನ್ ಅದು. (ಕೊಂಡ ಮೇಲೆ ಫ್ಯಾನಿನ ಧೂಳು, ಜೀಪಿನ ಸೀಟು, ಒದ್ದೆ ಶೂ, ಯಾವುದನ್ನೂ ಬಿಟ್ಟಿಲ್ಲ.)

ನಮ್ಮ ಮನೆಯಲ್ಲೇ ಕೆಲಸ ಮಾಡಿ ತಲೆ ನರೆತ ಲಚ್ಚಮ್ಮ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು.

"ಅಯ್ಯಾ, ಒಲೆಗೆ ಊದಿದ್ರೆ ಬೆಂಕಿ ಬರ್ತದೆ. ಪೈಪಿಗೆ ಊದಿದ್ರೆ ಎಂತ ಬರ್ತದೆ?"

"ನೀರು ಬರ್ತದೆ. ಸುಮ್ನಿರು ಮಾರಾಯ್ತಿ."

ಬಂದದ್ದು ಗೊರಗೊರ ಸದ್ದು, ಮತ್ತೆ ನನ್ನ ಮುಖಕ್ಕೆ ಒಂದಿಷ್ಟು ಕೆಸರು.

ಕೊನೆಗೆ ಇಬ್ರಾಹಿಂ ಸಾಬ್ರಿಗೆ ಫೋನ್ ಮಾಡಿದೆ. ಮೂಡಿಗೆರೆ ರಸ್ತೆಯಲ್ಲಿ ಅವರದು ಪಂಚರ್ ಅಂಗಡಿ. ದಿನವಿಡೀ ಟ್ಯೂಬಿಗೆ ಗಾಳಿ ತುಂಬುವುದೇ ಕೆಲಸ. ಆದರೂ ನೀರು ನಿಂತಾಗಲೆಲ್ಲ ನಾನು ಕರೆಯುವುದು ಅವರನ್ನೇ. ಯಾರದೋ ಜೀಪನ್ನು ಜಾಕ್ ಮೇಲೇ ಬಿಟ್ಟು ಬೈಕ್ ಹತ್ತಿ ಬಂದರು. ಬ್ಲೋವರ್ ನೋಡಿದರು, ನನ್ನ ಮುಖ ನೋಡಿದರು.

"ಒಳಗಿರೋ ಗಾಳಿ ಸಾಲ್ದು ಅಂತ ನೀವು ಬೇರೆ ತುಂಬ್ಸಿದ್ರಾ ಮಾರಾಯ್ರೆ?"

ಆಮೇಲೆ ಅವರು ಕೇಳಿದ್ದು ಸ್ಪ್ಯಾನರ್ ಅಲ್ಲ, ಲಚ್ಚಮ್ಮನ ಊದುಕೊಳವೆ. ಹೌದು, ಬಚ್ಚಲ ಒಲೆ ಊದುವ ಆ ಕರಿ ಹಿಡಿದ ಕಬ್ಬಿಣದ ಕೊಳವೆ. ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಿವಿಗೆ. ಪೈಪನ್ನು ತಟ್ಟುತ್ತಾ, ಆಲಿಸುತ್ತಾ ಗುಡ್ಡ ಹತ್ತಿದರು, ಡಾಕ್ಟರ್ ಎದೆ ನೋಡುವ ಹಾಗೆ. ಪೈಪ್ ಒಂದು ದಿಬ್ಬ ಏರಿ ಇಳಿಯುವ ಕಡೆ ನಿಂತರು.

"ಇಲ್ಲುಂಟು ನೋಡಿ. ನೀರು ನಿಂತಾಗ ಗಾಳಿ ಹೊಕ್ಕಿ ಕೂತಿದೆ."

ಜಾಯಿಂಟ್ ಸ್ವಲ್ಪ ಸಡಿಲಿಸಿದರು. ಉಸ್ ಅಂತ ಉದ್ದದ ಉಸಿರು. ಅದರ ಹಿಂದೆಯೇ ನೀರು.

ಹೋದ ಮಳೆಗಾಲದಲ್ಲಿ ದಮ್ಮು ಹತ್ತಿ ಮೂಗಿಗೆ ಟ್ಯೂಬ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವನು ನಾನು. ಗಾಳಿಯ ಬೆಲೆ ಅಲ್ಲೇ ಕಲಿತೆ ಅಂದುಕೊಂಡಿದ್ದೆ. ಆ ಗಾಳಿಗೆ ಹೊರಗೆ ಹೋಗಲೂ ದಾರಿ ಬೇಕು ಅಂತ ಕಲಿಸಿದ್ದು ಪಂಚರ್ ಅಂಗಡಿಯವರು.

ಕತ್ತಲಾಗುವ ಮೊದಲು ಕೊನೆಯ ಮೂಟೆಯೂ ಪಲ್ಪ್ ಆಯಿತು. ಲಚ್ಚಮ್ಮ ಊದುಕೊಳವೆಯನ್ನು ಸೆರಗಿನಿಂದ ಒರೆಸಿ ಒಲೆ ಪಕ್ಕ ಇಟ್ಟಳು. "ಇದಕ್ಕೆ ಚಾರ್ಜೂ ಬೇಡ," ಅಂದಳು, ಯಾರಿಗೂ ಅಲ್ಲ ಅನ್ನುವಂತೆ.

ಸಾಬ್ರು ಕಾಫಿಗೂ ನಿಲ್ಲಲಿಲ್ಲ. ಜೀಪು ಇನ್ನೂ ಜಾಕ್ ಮೇಲಿತ್ತಲ್ಲ. ಮರುದಿನ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದರೆ ಎತ್ತಿದ ಕೂಡಲೇ ಕೇಳಿದರು, "ಮತ್ತೆ ನೀರು ನಿಂತ್ಹೋಯ್ತಾ?"

ಇಷ್ಟು ವರ್ಷದಲ್ಲಿ ನೀರು ನಿಲ್ಲದೆ ನಾನು ಅವರಿಗೆ ಫೋನ್ ಮಾಡಿದ್ದು ಅದೇ ಮೊದಲು. ನಿಮ್ಮ ಸಾಬ್ರಿಗೆ ನೀವು ಕೆಲಸವಿಲ್ಲದೆ ಫೋನ್ ಮಾಡಿದ್ದು ಯಾವಾಗ?