ಶಂಭು ತಿರುಗಿ ನೋಡಿದ್ದು

ನಿಮ್ಮ ಶಂಭುವಿನ ಹಿಂಗಾಲುಗಳಿಗೆ ನೋವು ತಿಳಿಯುತ್ತಿರಲಿಲ್ಲ, ವನಜಾ ಮೇಡಂ. ತಿಳಿಯುತ್ತದೆ ಎಂದು ಒಂದು ಕೋಣೆ ತುಂಬ ಪಶುವೈದ್ಯರ ಮುಂದೆ, ನಿಮ್ಮ ಕಣ್ಣೆದುರೇ ತೋರಿಸಿದೆನಲ್ಲ — ಅದು ಮೋಸ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳದೆಯೇ ಸಾಯಬಹುದು ಎಂದುಕೊಂಡಿದ್ದೆ. ಆದರೆ ಹೋದ ವಾರ ಮಲಾಡ್ ಸ್ಟೇಷನ್ನಿನಲ್ಲಿ ನೀವು ಆಡಿದ ಆ ಮಾತು — ಅದಕ್ಕೆ ಆಮೇಲೆ ಬರುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪ್ರಾಣಿಗಳಿಗೆ ಸೂಜಿ ಚುಚ್ಚುವ ಚೀನೀ ವೈದ್ಯವನ್ನು ನಾನು ಹಾಂಕಾಂಗಿನಲ್ಲಿ ಕಲಿತು ಬಂದಿದ್ದೆ. ಘಾಟ್ಕೋಪರಿನ ನನ್ನ ದವಾಖಾನೆಯಲ್ಲಿ ಗುರುವಾರ ಮಧ್ಯಾಹ್ನ ಒಂದಷ್ಟು ಪಶುವೈದ್ಯರನ್ನು ಕೂಡಿಸಿ, ಮೈಯಲ್ಲಿ ಹರಿಯುವ ಪ್ರಾಣಶಕ್ತಿ, ಅದರ ದಾರಿಗಳು, ನಾಲಿಗೆಯ ಬಣ್ಣ ನೋಡಿ ರೋಗ ಹೇಳುವ ಬಗೆ, ಎಲ್ಲ ವಿವರಿಸುತ್ತಿದ್ದೆ. ಅವರು ನನ್ನ ಚಹಾ ಕುಡಿದು, ನನ್ನ ಬಟಾಟೆವಡೆ ತಿಂದು, ನನಗೇ 'ದರ್ಜಿ ಡಾಕ್ಟರ್' ಎಂದು ಹೆಸರಿಟ್ಟು ಹೋಗುತ್ತಿದ್ದರು. ಮೇಲೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಧಾರವಾಡದಿಂದ ಬಂದವನು ಮುಂಬಯಿಯಲ್ಲಿ ಹೆಸರು ಮಾಡಬೇಕೆಂಬ ಹಟ — ಹಟ ಎಂದರೆ ಗೌರವದ ಮಾತಾಯಿತು, ಹಪಾಹಪಿ ಎನ್ನಿ.

ಆಗ ನೀವು ಬಂದಿರಿ. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪಾಠ ಹೇಳುವ ಮೈಸೂರಿನವರು. ಬಗಲಲ್ಲಿ ಉದ್ದ ಮೈಯ, ಗಿಡ್ಡ ಕಾಲಿನ ಡ್ಯಾಷ್‌ಹೌಂಡ್. ಸೋಫಾದಿಂದ ಹಾರಿ ಬೆನ್ನು ಮುರಿದುಕೊಂಡಿದ್ದ ಶಂಭುವಿಗೆ ಸೊಂಟದ ಕೆಳಗೆ ಜೀವವೇ ಇರಲಿಲ್ಲ. ಬೇರೆ ಡಾಕ್ಟರು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ ಎಂದಿದ್ದರಂತೆ. "ಇವನು ಬಿಟ್ರೆ ಮನೇಲಿ ನನ್ನ ಮಾತಾಡ್ಸೋರು ಯಾರೂ ಇಲ್ಲ ಡಾಕ್ಟ್ರೇ, ಏನಾದ್ರೂ ಮಾಡಿ" ಎಂದಿರಿ. ಆಮೇಲೆ ಪ್ರತಿ ಗುರುವಾರ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ಅವನನ್ನು ಎದೆಗವಚಿಕೊಂಡು ನಿಂತು, ದಾದರಿನಲ್ಲಿ ಗಾಡಿ ಬದಲಿಸಿ ಬರುತ್ತಿದ್ದಿರಿ.

ಕೆಲವು ವಾರ ಸೂಜಿ ಹಾಕಿದ ಮೇಲೆ ಶಂಭು ಎದ್ದು ನಿಂತ. ಇನ್ನೊಂದಷ್ಟು ದಿನಕ್ಕೆ ಕುಡುಕನ ಹಾಗೆ ವಾಲಾಡುತ್ತ ಹೆಜ್ಜೆ ಹಾಕಿದ. ನೀವು ಅತ್ತುಬಿಟ್ಟಿರಿ. ನನಗೆ ಮಾತ್ರ ಅನುಮಾನ. ಬೆನ್ನುಹುರಿ ಕಡಿದುಹೋದ ನಾಯಿಯೂ ಕೆಲವೊಮ್ಮೆ ಹೀಗೆ ನಡೆಯುತ್ತದೆ. ತಲೆಗೆ ಸುದ್ದಿಯೇ ಹೋಗದೆ ಕಾಲುಗಳು ತಮ್ಮ ಪಾಡಿಗೆ ಆಡುತ್ತವೆ. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಒತ್ತಿದರೆ ನಿಜ ತಿಳಿಯುತ್ತದೆ — ನೋವು ತಲೆಗೆ ಮುಟ್ಟಿದರೆ ನಾಯಿ ಕಿರುಚಿ ತಿರುಗಿ ನೋಡುತ್ತದೆ. ನೀವು ಮುಖ ತೊಳೆಯಲು ಹೋದಾಗ ಒತ್ತಿ ನೋಡಿದೆ. ಶಂಭು ನನ್ನ ಮುಖವನ್ನೇ ನೋಡುತ್ತ ಆಕಳಿಸಿದ.

ಅಷ್ಟನ್ನು ನಿಮಗೆ ಹೇಳಿದ್ದರೆ ಸಾಕಿತ್ತು. ಸೂಜಿಯಿಂದ ಎಷ್ಟೋ ಮುದಿ ನಾಯಿಗಳ ಕೀಲುನೋವು ಇಳಿದದ್ದನ್ನು ಕಂಡಿದ್ದೆ. ಆ ವಿದ್ಯೆಗೆ ನನ್ನ ಸುಳ್ಳು ಬೇಕಿರಲಿಲ್ಲ. ನನಗೆ ಬೇಕಿತ್ತು.

ಮುಂದಿನ ಗುರುವಾರ ಕೋಣೆ ತುಂಬಿತ್ತು. ಶಂಭು ನಡೆದ, ಚಪ್ಪಾಳೆ ಬಿತ್ತು. ಆಗ ಡಾಕ್ಟರ್ ಸಾವಂತ್ — ನನಗೆ ದರ್ಜಿ ಎಂದು ಹೆಸರಿಟ್ಟ ಮಹಾನುಭಾವರು — "ವೋ ಸಬ್ ಠೀಕ್ ಹೈ, ಪೈನ್ ಟೆಸ್ಟ್ ಕರ್‌ಕೇ ದಿಖಾವ್ ನಾ" ಎಂದು ನೋವಿನ ಪರೀಕ್ಷೆ ಮಾಡಿ ತೋರಿಸಲು ಹೇಳಿದರು. ಎಲ್ಲರೂ ಮೇಜಿನ ಸುತ್ತ ಬಗ್ಗಿದರು. ನೀವು ಅವನ ತಲೆಯ ಬಳಿಯೇ ನಿಂತಿದ್ದಿರಿ. ನೋವು ತಿಳಿಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ — ತೆರೆದೆನೋ, ತೆರೆದೆ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತಿದ್ದೇನೋ. ಬಲಗೈಯ ಇಕ್ಕಳದಿಂದ ಹಿಂಗಾಲಿನ ಬೆರಳನ್ನು ಒತ್ತಿದೆ. ಎಡಗೈ ಆಧಾರಕ್ಕೆಂಬಂತೆ ಅವನ ಎದೆಯ ಕೆಳಗಿತ್ತು. ಆ ಕೈಯ ಉಗುರಿನಿಂದ ಮುಂಗಾಲಿನ ಸಂದಿಯ ಮೆತ್ತನೆ ಚರ್ಮವನ್ನು ಬಲವಾಗಿ ಚಿವುಟಿದೆ. ಶಂಭು ಕಿರುಚಿ ತಿರುಗಿದ.

"ನೋಡ್ರಿ ಮೇಡಂ, ಗೊತ್ತಾಗ್ತದ ಅವಂಗ" ಎಂದೆ.

ಅಲ್ಲಿಂದ ಸಿಕ್ಕಿಬಿದ್ದೆ. ಸಾವಂತರೇ ನನ್ನ ಮೊದಲ ಶಿಷ್ಯರಾದರು. ಹೊಸದಾಗಿ ಕಲಿಯಲು ಬಂದವರಿಗೆಲ್ಲ ಶಂಭುವನ್ನೇ ನೋಡಬೇಕು, ಪೈನ್ ಟೆಸ್ಟ್ ಆಗಲೇಬೇಕು. ಪ್ರತಿ ಸಲವೂ ಅದೇ ಇಕ್ಕಳ, ಅದೇ ಉಗುರು. ಆ ಜಾಗದ ಕೂದಲು ಉದುರಿತು. ನಾನು ಎಡಗೈ ಚಾಚಿದರೆ ಸಾಕು, ಅವನು ಮೈ ಮುದುಡಿಕೊಳ್ಳತೊಡಗಿದ. "ನಮ್ಮಜ್ಜಿ ಥರ ಇವನಿಗೂ ಎಡಗೈ ಅಂದ್ರೆ ಆಗಲ್ಲ ನೋಡಿ" ಎಂದು ನೀವು ನಕ್ಕಿರಿ. ನಾನೂ ನಕ್ಕೆ. ಪ್ರತಿ ಗುರುವಾರ ಬೆಳಗ್ಗೆ ಇದೇ ಪಾಡು. ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಮೆಟ್ಟಿಲ ಮೇಲೆ ನಿಮ್ಮ ಚಪ್ಪಲಿ ಸದ್ದು ಕೇಳುವುದು, ಮತ್ತೆ...

ಮಳೆಗಾಲದಲ್ಲಿ ಶಂಭು ತನ್ನ ಹಿಂಗಾಲನ್ನು ನೆಕ್ಕತೊಡಗಿದ. "ಒಂದೇ ಸಮ ನೆಕ್ತಾನೆ ಡಾಕ್ಟ್ರೇ, ಯಾಕೆ?" ಎಂದು ಕೇಳಿದಿರಿ. ಸ್ಪರ್ಶವಿಲ್ಲದ ಕಾಲನ್ನು ನಾಯಿ ತನ್ನದಲ್ಲವೆಂಬಂತೆ ಕಡಿದುಕೊಳ್ಳುವುದುಂಟು. ಬಟ್ಟೆ ಸುತ್ತಿ, ಬಾಯಿ ತಾಗದಂತೆ ಕಾಯಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಾಲಿಗೆ ಬಟ್ಟೆ ಸುತ್ತಿದರೆ ಸ್ಪರ್ಶವಿಲ್ಲವೆಂದು ಒಪ್ಪಿದಂತೆಯೇ. ಸಾವಂತರು ಒಂದೇ ನೋಟಕ್ಕೆ ಹಿಡಿಯುತ್ತಿದ್ದರು.

"ಕಾಲಿಗೆ ಜೀವ ಬರಾಕ ಹತ್ತೇದರಿ, ಜುಮುಜುಮು ಅಂತಿರತದ. ನೆಕ್ಕಲಿ ಬಿಡ್ರಿ" ಎಂದೆ.

ನೀವು ಬಿಟ್ಟಿರಿ. ಒಂದು ಸಂಜೆ ಕಾಲೇಜಿನಿಂದ ಬಂದು ಬಾಗಿಲು ತೆಗೆದರೆ ನೆಲವೆಲ್ಲ ರಕ್ತ. ಕಾಲಿನ ಬೆರಳುಗಳನ್ನು ಕಡಿದುಕೊಂಡಿದ್ದವನು ನಿಮ್ಮನ್ನು ಕಂಡು ಎಂದಿನ ಹಾಗೆಯೇ ಖುಷಿಯಿಂದ ಬೊಗಳಿದನಂತೆ. ನಂಜೇರಿತು, ಶಂಭು ಉಳಿಯಲಿಲ್ಲ. "ಪರೀಕ್ಷೆ ಅಂತ ಅವತ್ತು ಲೇಟಾಗಿ ಬಂದೆ. ನಾನು ಮನೇಲಿದ್ದಿದ್ರೆ ಹೀಗಾಗ್ತಿರ್ಲಿಲ್ಲ. ತಪ್ಪೆಲ್ಲಾ ನಂದೇ" ಎಂದು ನನ್ನೆದುರು ಕೂತು ಬಿಕ್ಕಿ ಬಿಕ್ಕಿ ಅತ್ತಿರಿ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಸಾವಂತರಿರಲಿಲ್ಲ, ಯಾರ ಭಯವೂ ಇರಲಿಲ್ಲ. ಆದರೂ ನಾನು "ಆಗೂದು ಆಗಿ ಹೋತು, ಬಿಡ್ರಿ ಮೇಡಂ" ಎಂದೆ. ಚಿವುಟಿದ್ದಕ್ಕಿಂತ ಇದು ದೊಡ್ಡ ಪಾಪ. ನನ್ನ ತಪ್ಪನ್ನು ನಿಮ್ಮ ಹೆಗಲಿಗೆ ದಾಟಿಸಿ, ನೀರಿನ ಲೋಟ ಮುಂದಿಟ್ಟೆ.

ಹೋದ ವಾರ ಸ್ಟೇಷನ್ನಿನಲ್ಲಿ ಸಿಕ್ಕಿರಿ. ನಿಮ್ಮ ಕೂದಲು ಬೆಳ್ಳಗಾಗಿದೆ, ನನ್ನದು ಇಲ್ಲವೇ ಇಲ್ಲ. ಮತ್ತೆ ನಾಯಿ ಸಾಕಲಿಲ್ಲವೇ ಎಂದು ಬಾಯಿತಪ್ಪಿ ಕೇಳಿದೆ. "ಪಕ್ಕದ ಬಿಲ್ಡಿಂಗ್‌ನವರು ಮರಿ ಕೊಡ್ತೀವಿ ಅಂತಿದಾರೆ. ನಂಗೆಲ್ಲಿದೆ ಡಾಕ್ಟ್ರೇ ಆ ಯೋಗ್ಯತೆ? ಒಂದನ್ನ ಕೊಂದಿದೀನಲ್ಲ" ಎಂದು ನಕ್ಕಿರಿ. ಅಷ್ಟರಲ್ಲಿ ಲೋಕಲ್ ಬಂತು, ನೀವು ಹತ್ತಿ ಹೋದಿರಿ. ಸದ್ಯ ಹೋದರಲ್ಲ ಎಂದು ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಗೆ ನಾಚಿಕೆಯಾಗಿ ಇದನ್ನು ಬರೆಯಲು ಕೂತೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಭಾನುವಾರ ನಿಮ್ಮ ಮನೆಗೆ ಬಂದು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಹೇಳುತ್ತೇನೆ. ಆಮೇಲೆ ಸಾವಂತರಿಗೂ, ನನ್ನಿಂದ ಕಲಿತ ಉಳಿದವರಿಗೂ. ಆ ಮರಿಯನ್ನು ಮನೆಗೆ ತನ್ನಿ ಎನ್ನಲು ನಾನು ಯಾರು — ಆದರೆ ಶಂಭುವನ್ನು ಕೊಂದವರು ನೀವಲ್ಲ. ಅವನು ಆ ಗುರುವಾರವೇ ನಿಜ ಏನೆಂದು ತೋರಿಸಿದ್ದ. ನೀವೆಲ್ಲ ಇಕ್ಕಳವನ್ನು ನೋಡುತ್ತಿದ್ದಿರಿ. ಕಿರುಚಿ ತಿರುಗಿದವನು ತನ್ನ ಕಾಲಿನ ಕಡೆ ನೋಡಲೇ ಇಲ್ಲ, ಮೇಡಂ. ನನ್ನ ಎಡಗೈಯನ್ನು ನೋಡಿದ.