ವಿಲಾಯತಿ ನಟ್ಟಿನ ಪಾನಾ

ಎಪ್ಪತ್ತರ ದಶಕದ ಮಾತು. ಸವಣೂರಿನಲ್ಲಿ ನಮ್ಮಪ್ಪನ ಸೈಕಲ್ ರಿಪೇರಿ ಅಂಗಡಿ ಇತ್ತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಅಪ್ಪ ಬೈದು ಬಡಿದು ಕೆಲಸ ಕಲಿಸಿದ. ನನ್ನ ತಂಗಿಗೆ ಯಾರೂ ಕಲಿಸಲಿಲ್ಲ. ಅಪ್ಪನ ಮಗ್ಗುಲು ಕುಂತು ನೋಡಿ ನೋಡಿಯೇ ಕಲಿತಳು.

ಜಂಗು ಹಿಡಿದ ನಟ್ಟನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಡಬ್ಬಿಯೊಳಗೆ ನೋಡದೆ ಕೈ ಹಾಕಿದರೂ ಆಕೆಗೆ ಅದನ್ನು ಬಿಚ್ಚುವ ಸರಿಯಾದ ಅಳತೆಯ ಪಾನಾ ಸಿಗುತ್ತಿತ್ತು. ನಾನು ಮೂರು ಹಾಕಿ ಮೂರು ತೆಗೆಯುವವ. ಹಳೆಯ ವಿಲಾಯತಿ ಸೈಕಲ್ಲಿನ ನಟ್ಟಿನ ಅಳತೆಯೇ ಬೇರೆ. ಅದಕ್ಕೆಂದೇ ಅಪ್ಪ ಒಂದು ಪಾನಾ ಇಟ್ಟಿದ್ದ.

ಒಂದು ದಿನ ಎಲೆತೋಟದ ಯಜಮಾನರು ಅಂಥದೊಂದು ಸೈಕಲ್ಲು ತಂದರು. ನಾನು ಎದ್ದೆ.

"ನೀ ಕುಂದರಪಾ. ನೀ ಮುಟ್ಟಿದ ನಟ್ಟು ಗುಂಡಗಾಗಿ ಗೋಲಿ ಆಡಾಕ ಬರ್ತಾವ. ತಂಗಿ ಎಲ್ಲಿ?" ಅಂದರು ಯಜಮಾನರು.

ಅಪ್ಪನೂ ನಕ್ಕ. ನಾನು ಮತ್ತೆ ಕುಂತೆ.

ತಂಗಿ ಅವ್ವನ ಸಂಗಡ ಹತ್ತಿಮತ್ತೂರಿಗೆ ಹೋಗಿದ್ದಳು. ಯಜಮಾನರು ಸೈಕಲ್ಲು ಬಿಟ್ಟು ಹೋದರು. ಅಪ್ಪ ಚಹಾಕ್ಕೆ ಎದ್ದಾಗ ನಾನು ಆ ಪಾನಾದ ಬಾಯನ್ನು ಒಳಗಿನಿಂದ ಅರ ಹಾಕಿ ಉಜ್ಜಿದೆ. ಬಾಯಿ ಅಗಲವಾಯಿತು, ಕಣ್ಣಿಗೆ ಕಾಣದಷ್ಟೇ. ಹೊಳಪು ಮುಚ್ಚಲು ಎಣ್ಣೆ ಸವರಿದೆ.

ಮರುದಿನ ಯಜಮಾನರ ಎದುರಿಗೇ ತಂಗಿ ಅದೇ ಪಾನಾ ಎತ್ತಿ ಮೈಭಾರ ಹಾಕಿದಳು. ಪಾನಾ ಜಾರಿತು. ನಟ್ಟಿನ ಮೂಲೆಗಳು ಸವೆದುಹೋದವು. ಆಕೆಯ ಬೆರಳಗೆಣ್ಣು ಚಕ್ರದ ಹಲ್ಲಿಗೆ ಬಡಿದು ರಕ್ತ ಬಂತು.

"ಸಾಕವ್ವಾ," ಅಂದ ಅಪ್ಪ. "ಕೈ ಹಾಳಾದ್ರ ನಿನ್ನ ಯಾರು ಮಾಡ್ಕೋತಾರ? ಮನಿಗೆ ನಡಿ."

ಆ ಪಾನಾವನ್ನು ಯಾರೂ ತಿರುಗಿಸಿ ನೋಡಲಿಲ್ಲ. ಅಪ್ಪನ ಮಗ್ಗುಲಿನ ಜಾಗ ನನಗೆ ಸಿಕ್ಕಿತು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು.

ಸಂಜೆ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಕುಂತಿದ್ದ ತಂಗಿ ಕೇಳಿದಳು: "ಅಣ್ಣಾ, ನಾ ಎಲ್ಲಿ ತಪ್ಪಿದ್ನಿ? ಪಾನಾ ಅದಽ ಇತ್ತಲ್ಲ."

"ಪಾನಾ ಅದಽ ಇತ್ತು. ನಟ್ಟಿನ ಅಳತಿ ಬ್ಯಾರೆ ಇತ್ತು. ನಿನ್ನ ಬೆರಳಿಗೆ ತಿಳೀಲಿಲ್ಲ."

"ಹಂಗಾದ್ರ ಇಷ್ಟ ದಿನ ಬರೋಬ್ಬರಿ ಸಿಗತಿತ್ತಲ್ಲ?"

"ನಸೀಬ," ಅಂದೆ.

ಆಕೆ ತನ್ನ ಕೈ ನೋಡಿಕೊಂಡಳು. ನಂಬಿದಳು.

ಮುಂದೆ ಮಾಸೂರಿಗೆ ಲಗ್ನವಾಗಿ ಹೋದಳು. ಅಲ್ಲಿ ಹೊಲಿಗೆ ಮಷೀನಿನ ಸ್ಕ್ರೂ ಸಡಿಲಾದರೂ ಗಂಡನನ್ನೇ ಕೂಗುತ್ತಾಳೆ: "ಬರ್ರಿ ಇಲ್ಲಿ, ನನಗ ಇದೆಲ್ಲಾ ತಿಳಿಯೂದಿಲ್ಲ." ನಾನು ಅವರ ಪಡಸಾಲೆಯಲ್ಲಿ ಕುಂತು, ಆಕೆ ಕೊಟ್ಟ ಚಹಾ ಕುಡಿದು ಎಷ್ಟೋ ಸಲ ಆ ಪಾನಾದ ಮಾತು ಎತ್ತದೆ ಹಾಗೇ ಎದ್ದು ಬಂದಿದ್ದೇನೆ.